ಗೇಟಿನ ಆ ಕಡೆಯ ದಾವಣಗೆರೆ

ದಾವಣಗೆರೆಯಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ರೈಲ್ವೆ ಹಳಿಯ ಆ ಕಡೆ ಏನಿದೆ ಅಂತ ನೋಡದೇ ಹೋಗೋರು ಎಷ್ಟೋ ಜನ ಇದ್ದಾರೆ. ಅವರದೇನೂ ತಪ್ಪಿಲ್ಲ ಬಿಡಿ. ಪಿಜಿ, ಝೆರಾಕ್ಸ್ ಅಂಗಡಿ, ಬೆಣ್ಣೆ ದೋಸೆ, ವಿದ್ಯಾನಗರದ ಸಂಜೆ ತಿರುಗಾಟ, ರಾಮ್ ಅಂಡ್ ಕೋ ಸರ್ಕಲ್ಲಿನ ಚಾಟ್ ಎಲ್ಲಾ ಈ ಕಡೆನೇ ಸಿಗುತ್ತೆ. ರೈಲ್ವೆ ಗೇಟು ಬಿದ್ದರಂತೂ ಬೈಕ್ ತಿರುಗಿಸಿಕೊಂಡು ಬರೋದೇ ವಾಸಿ ಅನ್ಸುತ್ತೆ. ಜೊತೆಗೆ ಸೀನಿಯರ್‌ಗಳು ಮೊದಲ ವಾರವೇ ಒಂದು ಬುದ್ಧಿಮಾತು ಹೇಳಿರ್ತಾರೆ: "ಆ ಕಡೆ ಜಾಸ್ತಿ ಹೋಗ್ಬೇಡ್ರೋ."

ನನಗೆ ಈ ಮಾತು ವಿಚಿತ್ರ ಅನ್ನಿಸಿತ್ತು. ನಮ್ಮೂರು ಜಗಳೂರು ತಾಲ್ಲೂಕಿನ ಸೊಕ್ಕೆ. ನಮ್ಮ ಮನೆಯಲ್ಲಿ ದಾವಣಗೆರೆ ಅಂದರೆ ಆ ಕಡೆಯೇ. ಶೇಂಗಾ, ಹತ್ತಿ ಮಾರೋಕೆ ಬರುತ್ತಿದ್ದ ನಮ್ಮಜ್ಜನಿಗೆ ಗೊತ್ತಿದ್ದದ್ದು ಮಂಡಿಪೇಟೆ ಒಂದೇ. ದುಡ್ಡು ಕೈಗೆ ಬರುವಷ್ಟರಲ್ಲಿ ಕತ್ತಲಾದರೆ ಅಂಗಡಿ ಜಗಲಿ ಮೇಲೆ ಮಲಗಿ, ಬೆಳಿಗ್ಗೆ ಊರಿನ ದಾರಿ ಹಿಡಿಯೋರಂತೆ. ವಿದ್ಯಾನಗರ ಎಲ್ಲಿದೆ ಅಂತ ಅವರಿಗೆ ಕೊನೆತನಕ ಗೊತ್ತಿರಲಿಲ್ಲ.

ಈ ಊರು ಮೊದಲಿಗೆ ಊರೇ ಅಲ್ಲ. ಪಕ್ಕದ ಬೇತೂರಿಗೆ ಸೇರಿದ ಒಂದು ಸಣ್ಣ ಹಳ್ಳಿ. 18ನೇ ಶತಮಾನದಲ್ಲಿ ಹೈದರಾಲಿ ಇದನ್ನು ಅಪ್ಪಾಜಿರಾಮ್ ಅನ್ನುವ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆ ಪುಣ್ಯಾತ್ಮ ಕೋಟೆ ಕಟ್ಟಿ ಹೆಸರು ಮಾಡಿದವನಲ್ಲ, ವ್ಯಾಪಾರಿಗಳನ್ನು ಕರೆದು ಕೂರಿಸಿದವನು. ಅವನಿಗೆ ಮಕ್ಕಳಿರಲಿಲ್ಲ. ಅವನು ಸತ್ತ ಮೇಲೂ ವ್ಯಾಪಾರ ನಿಲ್ಲಲಿಲ್ಲ. ಮಲೆನಾಡಿನ ಅಡಿಕೆ, ಮೆಣಸು, ಬಯಲುಸೀಮೆಯ ಕಂಬಳಿ ಇಲ್ಲಿ ಕೈ ಬದಲಾಯಿಸಿದವು. 19ನೇ ಶತಮಾನದ ಕೊನೆಗೆ ಬೆಂಗಳೂರು–ಹರಿಹರ ರೈಲು ಬಂದಮೇಲೆ ಕೇಳೋದೇ ಬೇಡ. ಅಂದರೆ, ಮುಸ್ಲಿಂ ದೊರೆ ಕೊಟ್ಟ ಜಾಗದಲ್ಲಿ, ಮರಾಠ ಸರದಾರ ಕರೆದ ವ್ಯಾಪಾರಿಗಳು, ಸುತ್ತಲಿನ ಹಳ್ಳಿಗಳ ಬೆಳೆ ನಂಬಿ ಬೆಳೆಸಿದ ಪೇಟೆ ಇದು. ಇಲ್ಲಿ 'ಮೂಲದವರು' ಯಾರು ಅಂತ ಹುಡುಕಲು ಹೊರಟರೆ ಬೇತೂರಿಗೇ ಹೋಗಬೇಕಾಗುತ್ತೆ!

ಹಳೇ ದಾವಣಗೆರೆಯಲ್ಲಿ ನಡೆದಾಡುವಾಗ ನನಗೆ ಖುಷಿ ಕೊಡೋದು ಬೋರ್ಡುಗಳು. ಈ ಕಡೆ ನಮ್ಮದು ಎ ಬ್ಲಾಕ್, ಬಿ ಬ್ಲಾಕ್, ಪಿ.ಜೆ., ಕೆ.ಟಿ.ಜೆ. ಬರೀ ಅಕ್ಷರಗಳು. ಆ ಕಡೆ ಹೆಸರಿನಲ್ಲೇ ಕಸುಬು ಇದೆ. ಮಂಡಿಪೇಟೆ ಅಂದರೆ ಸಗಟು ವ್ಯಾಪಾರದ ಪೇಟೆ. ಚೌಕಿಪೇಟೆಯ ಚೌಕಿ ಅಂದರೆ ಕಾವಲಿನ ಠಾಣೆ. ಹಗೇದಿಬ್ಬ ಸರ್ಕಲ್ಲಿನ ಹೆಸರು ನಮ್ಮ ಹಳ್ಳಿಯವರಿಗೆ ತಕ್ಷಣ ಅರ್ಥ ಆಗುತ್ತೆ: ಹಗೇವು ಅಂದರೆ ಜೋಳ ತುಂಬಿಡೋಕೆ ನೆಲದಲ್ಲಿ ತೋಡುವ ಕಣಜ. ಬಿನ್ನಿ ಕಂಪನಿ ರಸ್ತೆ ಅನ್ನೋದು ಬೆಂಗಳೂರು, ಮದ್ರಾಸಿನಲ್ಲಿ ಬಟ್ಟೆ ಗಿರಣಿ ನಡೆಸುತ್ತಿದ್ದ ಬಿನ್ನಿಯ ನೆನಪು. ಬಂಬೂ ಬಜಾರ್, ಇಸ್ಲಾಂಪೇಟೆ, ಶಿವಾಜಿನಗರ, ವೆಂಕಾಭೋವಿ ಕಾಲೋನಿ... ಯಾರು ಬಂದು ನೆಲೆಸಿದರು, ಏನು ಮಾಡಿದರು ಅನ್ನೋದಕ್ಕೆ ಬೇರೆ ದಾಖಲೆ ಬೇಕಿಲ್ಲ, ಸಿಟಿ ಬಸ್ಸಿನ ಬೋರ್ಡ್ ಓದಿದರೆ ಸಾಕು.

ಆಮೇಲೆ ಬಂದದ್ದು ಹತ್ತಿ ಗಿರಣಿಗಳ ಕಾಲ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಜಿ.ಕೆ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೀವಲ್ಲ, ಅದು. ಗಿರಣಿ ಬಂದರೆ ಕಾರ್ಮಿಕರು ಬರ್ತಾರೆ, ಕಾರ್ಮಿಕರು ಬಂದರೆ ಯೂನಿಯನ್ ಬರುತ್ತೆ. ಇದೇ ಊರು 1978, 1983, 1985ರಲ್ಲಿ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿತ್ತು. ನನ್ನ ಕ್ಲಾಸಲ್ಲಿ ಹೇಳಿದರೆ "ಸುಮ್ನಿರೋ, ದಾವಣಗೆರೇಲಾ?" ಅಂದರು. ಪಾಳಿಯಲ್ಲಿ ಪಕ್ಕ ಪಕ್ಕ ನಿಂತು ದುಡಿದವರು ಓಟನ್ನೂ ಒಟ್ಟಿಗೆ ಹಾಕಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಪಾಳಿಯ ಜೊತೆ ಆ ಪಕ್ಕ ಪಕ್ಕ ನಿಲ್ಲೋದೂ ಕಡಿಮೆಯಾಯಿತು ಅಂತ ನನ್ನ ಅನಿಸಿಕೆ.

ಆದರೆ ಒಂದು ಕಸುಬು ಮುಚ್ಚಲಿಲ್ಲ. ಅದೇ ಮಂಡಕ್ಕಿ ಭಟ್ಟಿ. ನಾವು ಸಂಜೆ ಮಿರ್ಚಿ ಜೊತೆ ತಿನ್ನೋ ಮಂಡಕ್ಕಿ ಹುಟ್ಟೋದು ಅಲ್ಲಿ. ಕೆಲಸ ಮಾಡೋರಲ್ಲಿ ಹೆಚ್ಚಿನವರು ಮುಸ್ಲಿಂ ಕುಟುಂಬದವರು. ಭತ್ತ ಕೊಡೋರು ಭದ್ರಾ ಕಾಲುವೆ ಬಯಲಿನ ರೈತರು. ಭತ್ತ ನೆನೆಸಬೇಕು, ಬಿಸಿ ಮಾಡಬೇಕು, ಬಿಸಿಲಿಗೆ ಹರವಬೇಕು, ಹೊಟ್ಟು ತೆಗೆಸಬೇಕು, ಉಪ್ಪುನೀರು ಹಿಡಿಸಬೇಕು. ಕೊನೆಗೆ ಕಾದ ಮರಳಿಗೆ ಹಾಕಿದರೆ ಅಕ್ಕಿಯೊಳಗಿನ ತೇವ ಆವಿಯಾಗಿ ಕೆಲವೇ ಸೆಕೆಂಡಲ್ಲಿ ಕಾಳು ಅರಳುತ್ತೆ. ನಾವು ಥರ್ಮೋಡೈನಾಮಿಕ್ಸ್‌ನಲ್ಲಿ ಓದಿದ್ದನ್ನು ಅವರು ಕೈಯ ಅಂದಾಜಿನಲ್ಲಿ ಮಾಡ್ತಾರೆ. ಒಂದು ಕ್ಷಣ ತಡವಾದರೆ ಕಾಳು ಕರಕಲು.

ಮೊದಲ ಸಲ ಹೋದಾಗ ಒಲೆ ಮುಂದಿದ್ದ ವಯಸ್ಸಾದ ಚಾಚಾ ಕೇಳಿದರು, "ಯಾವೂರಪ್ಪಾ?"

"ಸೊಕ್ಕೆ, ಜಗಳೂರ್ ತಾಲ್ಲೂಕು."

"ಮಳೆ ಆತಾ ನಿಮ್ ಕಡೆ?"

"ಇಲ್ಲ ಚಾಚಾ."

"ಇಲ್ಲಿ ಮೂರು ದಿನದಿಂದ ಮೋಡ. ಭತ್ತ ಒಣಗವಲ್ದು. ನಿಮಗೆ ಬೇಕು, ನಮಗೆ ಬ್ಯಾಡ. ದೇವರು ಯಾರ ಮಾತು ಕೇಳಬೇಕು ಹೇಳು?" ಅಂತ ನಕ್ಕು ಒಂದು ಬೊಗಸೆ ಬಿಸಿ ಮಂಡಕ್ಕಿ ಕೈಗೆ ಹಾಕಿದರು.

ಇಷ್ಟೇ ಆಗಿದ್ದರೆ ಇದೊಂದು ಸಿಹಿ ಕಥೆ. ಆದರೆ ಆ ಒಲೆ ಮುಂದೆ ಹತ್ತು ನಿಮಿಷ ನಿಂತು ನೋಡಿ, ಕಣ್ಣು ಉರಿಯುತ್ತೆ, ಅಂಗಿ ಒದ್ದೆಯಾಗುತ್ತೆ. ಹೊಟ್ಟು, ಕಟ್ಟಿಗೆ ಅಷ್ಟೇ ಅಲ್ಲ, ಹಳೇ ಟೈರ್ ಸುಡುವುದೂ ಇತ್ತು. ಅದರ ಹೊಗೆ ಬಗ್ಗೆ ವರ್ಷಗಟ್ಟಲೆ ತಕರಾರು ನಡೆದಿದೆ. ಆ ಹೊಗೆಯನ್ನು ಮೊದಲು ಕುಡಿಯೋದು ಪಕ್ಕದಲ್ಲೇ ಆಡುವ ಅವರದ್ದೇ ಮಕ್ಕಳು. 2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ದಾವಣಗೆರೆ ಸೇರಿದಾಗ ಯೋಜನೆಯಲ್ಲಿ ಮಂಡಕ್ಕಿ ಭಟ್ಟಿಗಳ ಸುಧಾರಣೆಯ ಮಾತೂ ಬಂತು. ಹೊಗೆ ಹೋಗಲೇಬೇಕು. ಆದರೆ ಹೊಗೆಯ ಜೊತೆ ಕಸುಬನ್ನೂ, ಜನರನ್ನೂ ಓಡಿಸಿದರೆ ಅದು ಸುಧಾರಣೆಯಲ್ಲ. ಚಾಚಾ ಕೇಳಿದ್ದು ಇಷ್ಟೇ: "ಮಷೀನ್ ಬರ್ಲಿ, ಬ್ಯಾಡ ಅಂದೋರ್ಯಾರು? ಅದರ ಸಾಲ ತೀರ್ಸೋ ಅಷ್ಟು ಮಂಡಕ್ಕಿಗೆ ರೇಟ್ ಬರುತ್ತಾ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನು ಆ ಬುದ್ಧಿಮಾತಿನ ವಿಷಯ. ಈ ಊರಲ್ಲಿ ಗಲಾಟೆಗಳು ಆಗಿವೆ, ಸುಳ್ಳಲ್ಲ. ಕಲ್ಲು ಬಿದ್ದ ದಿನ ವಾಟ್ಸಾಪ್ ಗ್ರೂಪಲ್ಲಿ ಮೆಸೇಜುಗಳ ಮಳೆ. ನಮಗೆ ಅದು ಒಂದು ವಾರದ ಎಚ್ಚರಿಕೆ. ದಿನಗೂಲಿಯವರಿಗೆ ಅದು ಒಂದು ವಾರದ ಊಟ. ಅಂಗಡಿ ಬಾಗಿಲು ಹಾಕಿದರೆ ಹಮಾಲಿಗೂ ಕೆಲಸ ಇಲ್ಲ, ಭಟ್ಟಿಯವರಿಗೂ ಇಲ್ಲ, ಅವತ್ತು ಚೀಲ ಹೊತ್ತು ಬಂದ ನಮ್ಮಂಥ ರೈತರಿಗೂ ಇಲ್ಲ. ಅದೇ ಬೀದಿಗಳಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಆಗುತ್ತೆ. ಆಗ ಹೊಸ ದಾವಣಗೆರೆಯವರೂ, ಸುತ್ತಲಿನ ಹಳ್ಳಿಯವರೂ ಗೇಟು ದಾಟಿ ಬರ್ತಾರೆ. ನಮ್ಮ ಅತ್ತೆ ಮನೆ ಊಟಕ್ಕೆ ಮಾವನ ಜೊತೆ ಹಮಾಲಿ ಮಾಡೋ ಸಾಬರ ಮನೆಯವರೆಲ್ಲ ಬಂದಿದ್ದರು. ಇದನ್ನು ಯಾರೂ 'ಸೌಹಾರ್ದ' ಅಂತ ಕರೆಯಲಿಲ್ಲ, ಬಡಿಸಿದರು ಅಷ್ಟೇ. ಗಲಾಟೆ ಸುದ್ದಿಯಾಗುತ್ತೆ, ಊಟ ಸುದ್ದಿಯಾಗಲ್ಲ. ಹಾಗಾಗಿ ಬರೀ ಸುದ್ದಿ ಓದಿದವರಿಗೆ ಆ ಕಡೆ ಅಂದರೆ ಗಲಾಟೆ ಮಾತ್ರ ಅನ್ನಿಸುತ್ತೆ.

ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಸಿಗ್ತಿಲ್ಲ ಅಂತ ಒದ್ದಾಡುವ ಗೆಳೆಯರಿಗೆ ಒಂದು ಮಾತು. ಕಡಿಮೆ ಹೊಗೆಯ ಒಲೆ ಮೆಕ್ಯಾನಿಕಲ್‌ನವರಿಗೆ, ಮೋಡದ ದಿನವೂ ಭತ್ತ ಒಣಗಿಸುವ ದಾರಿ ಎಲೆಕ್ಟ್ರಿಕಲ್‌ನವರಿಗೆ, ಬೀದಿಗಳ ಚರಂಡಿ ಸಿವಿಲ್‌ನವರಿಗೆ. ಆದರೆ ಲ್ಯಾಪ್‌ಟಾಪ್ ತೆಗೆಯೋ ಮೊದಲು ಸಾಲದ ಆ ಪ್ರಶ್ನೆಯನ್ನು ಅವರ ಬಾಯಿಂದಲೇ ಕೇಳಿಸಿಕೊಳ್ಳಿ. ಬೆಳಗಿನ ಜಾವ ಹೋಗಿ, ಒಲೆ ಉರಿಯುತ್ತಿರುತ್ತೆ. ಗೇಟು ಬಿದ್ದಿದ್ದರೆ ಸ್ವಲ್ಪ ಕಾಯಿರಿ, ರೈಲು ಹೋದ ಮೇಲೆ ತೆಗೀತಾರೆ.