ಒಣಗಿಯೂ ಉಳಿಯುವ ಹೂವು

ಚಿತ್ರದುರ್ಗ ದಾಟಿ ಹಿರಿಯೂರಿನತ್ತ ಸಾಗಿದಂತೆ ಸೇವಂತಿಗೆಯ ಹೊಲಗಳು ಕಣ್ಣಿಗೆ ಹಬ್ಬವನ್ನುಂಟುಮಾಡುತ್ತವೆ. ಧಾರಣೆ ಕುಸಿದ ದಿನ ಅದೇ ಹೂವು ತಿಪ್ಪೆಯ ಪಾಲಾಗುವುದನ್ನು ಕಂಡರೆ, ಹೂವನ್ನೇ ಕಾಯಕವಾಗಿಸಿಕೊಂಡ ಶರಣ ಹೂಗಾರ ಮಾದಯ್ಯನವರ ನೆನಪಾಗಿ ಮನಸ್ಸು ಕಲಕುತ್ತದೆ.

ಈ ಸೀಮೆಯ ಒಣಹವೆಯೇ ಇಲ್ಲಿ ನೆರವಾಗಬಲ್ಲುದು. ತೊಳೆದೊಣಗಿಸಿದ ನುಣ್ಣನೆಯ ಮರಳಿನಲ್ಲಿ ಅರಳಿದ ಸೇವಂತಿಗೆಯನ್ನು ಹುದುಗಿಸಿ ಎರಡು ವಾರ ಬಿಟ್ಟರೆ ಎಸಳು ಮುದುಡದು. ಕೋಳಿಜುಟ್ಟಿನ ಹೂವನ್ನು ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಸಾಕು. ಬಿಸಿಲಿಗಿಟ್ಟರೆ ಬಣ್ಣ ಹಾರುತ್ತದೆ. ಹೊಳಲ್ಕೆರೆಯ ಅಡಿಕೆಹಾಳೆ, ಹೊಸದುರ್ಗದ ತೆಂಗಿನ ಚಿಪ್ಪು ಇವಕ್ಕೆ ತಕ್ಕ ಆಸರೆ. ಇಷ್ಟಲಿಂಗಪೂಜೆಗೆ ತಾಜಾ ಹೂವೇ ಬೇಕು. ಒಣಹೂವು ಮನೆಯ ಅಲಂಕಾರಕ್ಕೆ ಮಾತ್ರ.

ಇದರಿಂದ ಹೊಲದ ನಷ್ಟವೆಲ್ಲ ತುಂಬದು, ನಿಜ. ಆದರೂ ಜಾತ್ರೆಯಲ್ಲಿ ಮಾರಿದ ಒಂದು ಗುಚ್ಛದ ಹಣ ಅದನ್ನು ಕಟ್ಟಿದ ತಾಯಿಯ ಕೈಗೇ ಸೇರೀತು.