ಮಾವನ ಪಿಕಪ್ಪಿನ ಕ್ಲಚ್ಚು

'ಕ್ಲಚ್ ಹೋಗಿದೆ' ಅನ್ನೋ ಮಾತಿಗೆ ಎರಡು ಅರ್ಥ. ಒಂದು ಅರ್ಥಕ್ಕೆ ಸಾವಿರಗಟ್ಟಲೆ ಖರ್ಚು, ಇನ್ನೊಂದಕ್ಕೆ ಕೆಲವು ನೂರು ರೂಪಾಯಿ. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಎಷ್ಟೋ ಸಲ ಒಂದು ಟಾರ್ಚು, ಹತ್ತು ನಿಮಿಷ ಸಾಕು. ಇದು ನಂಗೆ ಗೊತ್ತಾಗಿದ್ದು ಬಿ.ಜಿ. ಕೆರೆಯಲ್ಲಿ, ಮಾವನ ಹಳೇ ಪಿಕಪ್ಪಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದಾಗ.

ಬಿ.ಜಿ. ಕೆರೆ ಗೊತ್ತಿಲ್ಲದವರಿಗೆ: ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕು. ಚಳ್ಳಕೆರೆ ಕಡೆಯಿಂದ ಬಳ್ಳಾರಿಗೆ ಹೋಗೋ ಹೆದ್ದಾರಿಯಲ್ಲಿ ಸಿಗುತ್ತೆ. ಮಳೆ ಕಮ್ಮಿ, ಬಿಸಿಲು ಜಾಸ್ತಿ, ಮಳೆ ನಂಬಿ ಹಾಕೋ ಬೆಳೆ ಅಂದ್ರೆ ಶೇಂಗಾ. ಕಿತ್ತು, ಬಿಡಿಸಿ, ಒಣಗಿಸಿದ ಕಾಯಿ ಚಳ್ಳಕೆರೆಗೆ ಹೋಗುತ್ತೆ. ಎಣ್ಣೆ ಮಿಲ್ಲುಗಳ ಊರು ಅದು. ನಮ್ಮಮ್ಮನ ತಮ್ಮ, ಅಂದ್ರೆ ನನ್ನ ಮಾವ, ತನ್ನ ಕಾಯಿ ಜೊತೆ ಅಕ್ಕಪಕ್ಕದವರ ಕಾಯನ್ನೂ ಪಿಕಪ್ಪಿನಲ್ಲಿ ಹೊಡೆಯುತ್ತಾನೆ. ವರ್ಷದಲ್ಲಿ ಆ ಒಂದೂವರೆ ತಿಂಗಳು ಗಾಡಿ ನಿಲ್ಲೋ ಹಾಗಿಲ್ಲ.

ಈ ಸಲ ದೀಪಾವಳಿಗೆ ಹೋದಾಗ ಗಾಡಿ ಮನೆ ಮುಂದೆ ನಿಂತಿತ್ತು. ಪೇಟೆಯ ಒಂದು ಗ್ಯಾರೇಜಿನಲ್ಲಿ ನೋಡಿ, ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಎಲ್ಲಾ ಹಾಕಬೇಕು, ಗೇರ್‌ಬಾಕ್ಸ್ ಇಳಿಸಬೇಕು, 15,000 ಆಗುತ್ತೆ, ಎರಡು ದಿನ ಬಿಡಿ ಅಂದಿದ್ದರಂತೆ. ಮಾವ ಮಂಡಿಯಲ್ಲಿ ಅಡ್ವಾನ್ಸ್ ಕೇಳೋಕೆ ಹೊರಟಿದ್ದ. ಆ ದುಡ್ಡು ತಗೊಂಡರೆ ಆಮೇಲೆ ಕಾಯಿ ಆ ಮಂಡಿಗೇ ಹಾಕಬೇಕು. ರೇಟು ಏರಲಿ ಅಂತ ನಾಲ್ಕು ದಿನ ಕಾಯೋ ಹಾಗಿಲ್ಲ. 15,000 ಅನ್ನೋದು ಬರೀ 15,000 ಅಲ್ಲ ಅಂತ ನಂಗೆ ಅರ್ಥ ಆಗಿದ್ದು ಅವಾಗ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಮೆಕ್ಯಾನಿಕಲ್ ಅಂದ್ರೆ ಮೊದಲ ವರ್ಷದ ಒಂದೇ ಒಂದು ಪೇಪರು. ಆದ್ರೆ ಹೊಟ್ಟೆಪಾಡಿಗೆ ಮಾಡೋದು ಬಗ್ ಹುಡುಕೋ ಕೆಲಸ. ಹಾಗಾಗಿ ಮಾವನ್ನ ಕೇಳಿದ್ದು ಒಂದೇ: "ಏನಾಗ್ತಿದೆ, ಅದನ್ನಷ್ಟೇ ಹೇಳು ಮಾವ. ಯಾಕೆ ಅನ್ನೋದು ಆಮೇಲೆ."

"ಇಂಜಿನ್ ಆಫ್ ಇದ್ರೆ ಎಲ್ಲಾ ಗೇರೂ ಬೀಳ್ತೈತೆ ಕಣಪ್ಪ. ಸ್ಟಾರ್ಟ್ ಮಾಡಿದ್ರೆ ಕರಕರ ಅಂತೈತೆ. ರಿವರ್ಸ್ ಅಂತೂ ಬೀಳೋದೇ ಇಲ್ಲ. ಮೂರ್ನಾಲ್ಕು ಸಲ ಕ್ಲಚ್ ಪಂಪ್ ಹೊಡೆದ್ರೆ ಬೀಳ್ತೈತೆ."

"ಲೋಡ್ ಹಾಕ್ಕೊಂಡು ದಿಬ್ಬ ಹತ್ತುವಾಗ?"

"ಎಳೀತೈತೆ. ಅದೇನೂ ತೊಂದ್ರೆ ಇಲ್ಲ."

ಅರ್ಧ ಉತ್ತರ ಇಲ್ಲೇ ಇತ್ತು. ಪ್ಲೇಟು ಸವೆದರೆ ಕ್ಲಚ್ ಜಾರುತ್ತೆ: ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ, ಅದೂ ಲೋಡಿನಲ್ಲಿ, ದಿಬ್ಬದಲ್ಲಿ. ಮಾವನದ್ದು ತದ್ವಿರುದ್ಧ. ಹಿಡಿಯೋದು ಚೆನ್ನಾಗೇ ಹಿಡಿಯುತ್ತೆ, ಬಿಡೋದು ಬಿಡಲ್ಲ. ಪಂಪ್ ಹೊಡೆದರೆ ಬಿಡುತ್ತೆ ಅಂದ್ರೆ ತೊಂದರೆ ಇರೋದು ಬಹುಶಃ ಕಾಲಿನಿಂದ ಕ್ಲಚ್‌ವರೆಗೆ ಬಲ ಒಯ್ಯೋ ದಾರಿಯಲ್ಲಿ. ಆ ದಾರಿ ಹೈಡ್ರಾಲಿಕ್ಕು.

ಅದರ ಲೆಕ್ಕ ಸುಲಭ. ಪೆಡಲ್ ಹತ್ತಿರ ಒಂದು ಮಾಸ್ಟರ್ ಸಿಲಿಂಡರ್, ಕೆಳಗೆ ಗೇರ್‌ಬಾಕ್ಸ್ ಪಕ್ಕ ಒಂದು ಸ್ಲೇವ್ ಸಿಲಿಂಡರ್, ಮಧ್ಯೆ ಪೈಪು, ಪೈಪಿನ ತುಂಬಾ ಬ್ರೇಕ್ ಆಯಿಲ್. ಮೇಲೆ ಒತ್ತಿದರೆ ಕೆಳಗಿನ ರಾಡ್ ಹೊರಗೆ ಬಂದು ಫೋರ್ಕ್ ತಳ್ಳುತ್ತೆ. 17ನೇ ಶತಮಾನದ ಪಾಸ್ಕಲ್ ಹೇಳಿದ ನಿಯಮ, ಪಿಯುಸಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೀವಿ. ಆದ್ರೆ ಆ ರಾಡ್ ಚಲಿಸೋದೇ ಒಂದೆರಡು ಸೆಂಟಿಮೀಟರು. ದ್ರವ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಹಾಗಾಗಿ ಪೈಪಿನಲ್ಲಿ ಒಂದು ಸಣ್ಣ ಗಾಳಿಗುಳ್ಳೆ ಇದ್ದರೂ ಆ ಚಲನೆಯಲ್ಲಿ ಒಂದಷ್ಟನ್ನ ಅದೇ ನುಂಗಿಬಿಡುತ್ತೆ.

ಮಾವನ ತಕರಾರು ಇದ್ದದ್ದು ಬೇರೆ. "ಆಯಿಲ್ ಒಂದು ಹನಿ ಕಮ್ಮಿ ಆಗಿಲ್ಲ, ಎಲ್ಲೂ ಸೋರಿಲ್ಲ. ಅದಕ್ಕೇ ಗ್ಯಾರೇಜಿನೋರು ಹೈಡ್ರಾಲಿಕ್ ಸರಿ ಐತೆ, ಪ್ಲೇಟೇ ಹೋಗೈತೆ ಅಂದ್ರು."

ನ್ಯಾಯವಾದ ಮಾತೇ. ಅದನ್ನ ಬಿಡಿಸಿದ್ದು ಊರಲ್ಲೇ ಹೆದ್ದಾರಿ ಪಕ್ಕ ಶೆಡ್ ಹಾಕಿಕೊಂಡಿರೋ ಮೇಸ್ತ್ರಿ. ಗಾಡಿನ ಹೆಂಗೋ ಅಲ್ಲಿತನಕ ತಂದ್ವಿ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೊದಲು ಕ್ಯಾಬಿನ್ ಒಳಗೆ ಪೆಡಲ್ ಹಿಂದೆ ಬೆರಳಾಡಿಸಿ ನೋಡಿದ್ರು, ಒಣಗಿತ್ತು. ಕೆಳಗಿನ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿದ್ರು, ಅದೂ ಒಣಗಿತ್ತು. ಆಮೇಲೆ ಮಾವನಿಗೆ ಹೇಳಿದ್ರು: "ಕ್ಲಚ್ ಒತ್ತಿ ಹಂಗೇ ಹಿಡ್ಕ. ಬಿಡಬ್ಯಾಡ." ನನ್ನ ಕೈಗೆ ಟಾರ್ಚ್ ಕೊಟ್ಟು, "ಬರ್ರಿ ಇಂಜಿನಿಯರ್ರೇ, ರಾಡ್ ನೋಡ್ರಿ" ಅಂದ್ರು.

ನೋಡಿದೆ. ರಾಡ್ ಹೊರಗೆ ಬಂತು. ಮಾವನ ಕಾಲು ಒತ್ತಿದ್ದು ಒತ್ತಿದ ಹಾಗೇ ಇದೆ. ರಾಡ್ ಮಾತ್ರ ನಿಧಾನಕ್ಕೆ, ಬಹಳ ನಿಧಾನಕ್ಕೆ ವಾಪಸ್ ಒಳಗೆ ಹೋಗ್ತಾ ಇತ್ತು!

"ಏರ್ ಹಿಡಿದಿದ್ರೆ ಕಮ್ಮಿ ಬರ್ತಿತ್ತು, ಆದ್ರೆ ಬಂದಲ್ಲೇ ನಿಲ್ತಿತ್ತು. ಇದು ವಾಪಸ್ ಹೋಗ್ತೈತೆ. ಹೊರಗೂ ಸೋರಿಲ್ಲ. ಅಂದ್ರೆ ಮೇಲಿನ ಸಿಲಿಂಡರ್ ಒಳಗೇ ರಬ್ಬರ್ ದಾಟಿ ಹಿಂದಕ್ಕೆ ಹೋಗ್ತೈತೆ." ಇಷ್ಟೇ ಅವರ ವಿವರಣೆ. ಆಯಿಲ್ ಎಲ್ಲೂ ಕಳೆದುಹೋಗಿಲ್ಲ, ಸಿಲಿಂಡರ್ ಒಳಗೇ ರಬ್ಬರ್ ಕಪ್ಪಿನ ಈ ಕಡೆಯಿಂದ ಆ ಕಡೆಗೆ ನುಸುಳುತ್ತೆ. ಡಬ್ಬಿಯಲ್ಲಿ ಮಟ್ಟ ಇಳಿಯಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ.

ಮೇಲಿನ ಸಿಲಿಂಡರ್ ಬಿಚ್ಚಿದಾಗ ಆಯಿಲ್ ಕಪ್ಪಗೆ ಬಂತು, ಕಪ್ಪಿನ ಅಂಚು ಸವೆದು ದುಂಡಗಾಗಿತ್ತು. ಮೇಸ್ತ್ರಿ ಸಿಲಿಂಡರ್ ಒಳಗೆ ಉಗುರಿನಿಂದ ಗೀರಿ ನೋಡಿದ್ರು. ಗೀರು ಬಿದ್ದಿದ್ದರೆ ಪೂರ್ತಿ ಸಿಲಿಂಡರ್ ಬದಲಿಸಬೇಕಂತೆ. ನುಣ್ಣಗಿತ್ತು, ಕಿಟ್ ಸಾಕು ಅಂದ್ರು. ಚಳ್ಳಕೆರೆಯಿಂದ ಕಿಟ್ಟು, ಹೊಸ ಬ್ರೇಕ್ ಆಯಿಲ್ ಬಸ್ಸಲ್ಲಿ ತರಿಸಿದ್ವಿ.

ಜೋಡಿಸಿದ ಮೇಲೆ ಏರ್ ತೆಗೆಯೋ ಕೆಲಸ. ಕೆಳಗಿನ ಸಿಲಿಂಡರಿನ ನಿಪ್ಪಲ್‌ಗೆ ಪಾರದರ್ಶಕ ಪೈಪು, ಅದರ ತುದಿ ಆಯಿಲ್ ಇರೋ ಬಾಟಲಿಯಲ್ಲಿ ಮುಳುಗಿರಬೇಕು. ಮಾವ ಸೀಟಲ್ಲಿ, ಮೇಸ್ತ್ರಿ ಕೆಳಗೆ, ನಾನು ಡಬ್ಬಿ ಖಾಲಿ ಆಗದ ಹಾಗೆ ಆಯಿಲ್ ಹಾಕೋ ಕೆಲಸಗಾರ :) ಖಾಲಿ ಆದರೆ ಮತ್ತೆ ಗಾಳಿ ಎಳೆದುಕೊಳ್ಳುತ್ತೆ. "ಒತ್ತು... ಹಿಡಿ..." ನಿಪ್ಪಲ್ ಸಡಿಲ, ಗುಳುಗುಳು ಗುಳ್ಳೆ, ನಿಪ್ಪಲ್ ಬಿಗಿ. "ಬಿಡು." ಹದಿನೈದಿಪ್ಪತ್ತು ಸಲ ಆದಮೇಲೆ ಗುಳ್ಳೆ ನಿಂತು ಬರೀ ಆಯಿಲ್ ಬಂತು.

ಮಾವ ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದ. ಸದ್ದೇ ಇಲ್ಲದೆ ಬಿತ್ತು. ಮಾತಾಡಲಿಲ್ಲ, ಇನ್ನೊಂದು ಸಲ ಹಾಕಿ ನೋಡಿದ. ಒಟ್ಟು ಖರ್ಚು ಕಿಟ್ಟು, ಆಯಿಲ್ಲು, ಕೂಲಿ ಎಲ್ಲಾ ಸೇರಿ 900 ರೂಪಾಯಿ. ಮಂಡಿಗೆ ಅಡ್ವಾನ್ಸ್ ಕೇಳೋಕೆ ಹೋಗಲಿಲ್ಲ.

ಪೇಟೆಯ ಗ್ಯಾರೇಜಿನೋರು ಮೋಸಗಾರರು ಅಂತ ನಾನು ಹೇಳ್ತಿಲ್ಲ. ಹಳೇ ಗಾಡಿ, ಕ್ಲಚ್ ಕಂಪ್ಲೇಂಟು ಅಂದ್ರೆ ಪ್ಲೇಟು ಅಂತ ಊಹಿಸೋದು ಸಹಜ. ಆದ್ರೆ ಆ ಊಹೆಯ ಬೆಲೆ ಕಟ್ಟೋದು ಊಹಿಸಿದವರಲ್ಲ. ನಮ್ಮ ಆಫೀಸಲ್ಲಿ ತಪ್ಪು ಊಹೆ ಮಾಡಿದರೆ ಒಂದು ಸಂಜೆ ಹಾಳಾಗುತ್ತೆ. ಮಾವನ ವಿಷಯದಲ್ಲಿ ಒಂದು ಬೆಳೆಯ ರೇಟೇ ಹೋಗ್ತಿತ್ತು. ಮೇಸ್ತ್ರಿ ಮಾಡಿದ್ದು ಇಷ್ಟೇ: ದುಬಾರಿ ಸಾಮಾನಿಗೆ ಕೈ ಹಾಕೋ ಮುಂಚೆ, ಕಾಸು ಖರ್ಚಿಲ್ಲದ ಪರೀಕ್ಷೆ ಎಲ್ಲಾ ಮುಗಿಸಿದ್ರು.

ನಿಮ್ಮೂರಲ್ಲೂ ಹಳೇ ಪಿಕಪ್ಪೋ ಜೀಪೋ ಇರುತ್ತೆ. ಅದರ ಕ್ಲಚ್ಚೂ ಹೈಡ್ರಾಲಿಕ್ ಆಗಿದ್ರೆ ಹೇಳಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರೋ ಗ್ರೇಡೇ ಹಾಕಿ. ಅದರ ಜಾಗದಲ್ಲಿ ಇಂಜಿನ್ ಆಯಿಲ್ ಹಾಕಬೇಡಿ, ರಬ್ಬರ್ ಉಬ್ಬಿ ಕೆಡುತ್ತೆ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೀರಿ, ಇಲ್ಲಾಂದ್ರೆ ಬಣ್ಣ ಎದ್ದು ಬರುತ್ತೆ. ಮತ್ತೆ ಯಾರಾದ್ರೂ 'ಕ್ಲಚ್ ಹೋಗಿದೆ' ಅಂದ್ರೆ ಮೊದಲು ಕೇಳಿ: ಹಿಡೀತಿಲ್ವಾ, ಬಿಡ್ತಿಲ್ವಾ?