ಪಾಟಿಯ ಮೇಲಿಲ್ಲದ ಹೆಸರು

ಮೂವತ್ತೆಂಟು ವರ್ಷ ಲೆಕ್ಕ ಬರೆದು ಹೊಟ್ಟೆ ಹೊರೆದವನು ನಾನು. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಸಂಜೆಗೆ ಎರಡೂ ತಾಳೆಯಾದರೆ ಊಟ ರುಚಿಸುತ್ತಿತ್ತು; ಆಗದಿದ್ದರೆ ಮನೆಯವಳು ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ತಕರಾರು ತೆಗೆಯುತ್ತಿದ್ದೆ. ನನ್ನ ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿದ್ದಿಲ್ಲವೆಂದು ನಾಲ್ಕು ಜನ ಹೊಗಳಿದ್ದುಂಟು. ನಾನದನ್ನು ತಲೆ ತಗ್ಗಿಸಿ, ಕಿವಿ ತೆರೆದು ಕೇಳಿದ್ದೂ ಉಂಟು. ಆದರೆ ನಾನು ಬರೆದ ಮೊಟ್ಟಮೊದಲನೆಯ ಲೆಕ್ಕವೇ ತಪ್ಪಾಗಿತ್ತೆಂಬುದು ತೀರ ಇತ್ತೀಚಿನವರೆಗೂ ನನಗೆ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಿದವನು ಹನ್ನೊಂದು ವರ್ಷದ ನನ್ನ ಮೊಮ್ಮಗ.

ಮಗಳ ಮಗ; ಕೆನಡಾದ ಟೊರೊಂಟೊದಲ್ಲಿ ಹುಟ್ಟಿ ಬೆಳೆದವನು. ಅಲ್ಲಿಯ ಬೇಸಿಗೆಯ ರಜೆಗೆ ಗದಗಿಗೆ ಬಂದ. ಅಲ್ಲಿಯ ಬೇಸಿಗೆಯೆಂದರೆ ನಮಗೆ ಆಷಾಢ–ಶ್ರಾವಣ; ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿ ಅಂಗಳದ ಬಟ್ಟೆಗಳೆಲ್ಲ ನೆರೆಮನೆಗೆ ಹೋಗುವ ಕಾಲ. ಹೊರಗೆ ಆಡಲಾರದೆ ಹುಡುಗ ಮೂಲೆ ಹಿಡಿದು ಒಂದು ನೋಟುಬುಕ್ಕಿನಲ್ಲಿ ಏನನ್ನೋ ಗೀಚುತ್ತಿದ್ದ. ಅಂಕಿ ಕಂಡಲ್ಲಿ ಇಣುಕುವುದು ನನ್ನ ಹಳೆಯ ಚಟ, ಇಣುಕಿದೆ.

ಅದು ಐಸ್ ಹಾಕಿಯ ಲೆಕ್ಕ. ಹೆಪ್ಪುಗಟ್ಟಿದ ನೀರಿನ ಮೇಲೆ, ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು, ಚೆಂಡಿನ ಬದಲು ಚಪ್ಪಟೆಯಾದ ಒಂದು ರಬ್ಬರಿನ ಬಿಲ್ಲೆಯನ್ನು ಹೊಡೆದಾಡುವ ಆಟ. ನಮ್ಮಲ್ಲಿ ಹುಡುಗರು ಕ್ರಿಕೆಟ್ಟಿನ ರನ್ನುಗಳನ್ನು ಬಾಯಿಪಾಠ ಮಾಡುವಂತೆ ಅಲ್ಲಿ ಯಾರು ಎಷ್ಟು ಹೊಡೆದರೆಂಬುದನ್ನು ಬಾಯಿಪಾಠ ಮಾಡುತ್ತಾರಂತೆ. ಪ್ರತಿ ಹೆಸರಿನ ಮುಂದೆ ಮೂರು ಮನೆ. ಮೊದಲನೆಯದು ಗೋಲು, ಮೂರನೆಯದು ಒಟ್ಟು. ನಡುವಿನದೇನೆಂದು ಕೇಳಿದೆ.

"ಅಸಿಸ್ಟ್, ಅಜ್ಜಾ. ಗೋಲ್ ಹೊಡದಾಂವಗ ಒಂದು ಪಾಯಿಂಟ್. ಅವಗ ಕೊಟ್ಟಾಂವಗೂ ಒಂದು. ಕೊಟ್ಟಾಂವಗ ಕೊಟ್ಟಾಂವಗೂ ಒಂದು" ಎಂದ, ತಾಯಿಯ ಬಾಯಿಂದ ಕಲಿತ ಅಪ್ಪಟ ಗದಗಿನ ಕನ್ನಡದಲ್ಲಿ.

"ಹೊಡದಾಂವ ಒಬ್ಬ, ಪಗಾರ ಮೂರು ಮಂದಿಗೆ. ಇಂಥಾ ಲೆಕ್ಕ ನಾ ಬರದಿದ್ರ ಮನೀಗೆ ಕಳಸ್ತಿದ್ರು" ಎಂದು ನಕ್ಕೆ.

ಹುಡುಗ ನಗಲಿಲ್ಲ. ಲೆಕ್ಕದ ವಿಷಯದಲ್ಲಿ ಅವನೂ ನನ್ನ ಹಾಗೆಯೆ. ವೇಯ್ನ್ ಗ್ರೆಟ್ಸ್ಕಿ ಎಂಬ ಆಟಗಾರನ ಹೆಸರನ್ನು ಬೆರಳಿಟ್ಟು ತೋರಿಸಿದ. ಆತ ಅಲ್ಲಿಯ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ ಕಾಲವೆಲ್ಲ ಸೇರಿ ಹೊಡೆದ ಗೋಲು 894. ಇತರರ ಗೋಲಿಗೆ ಒದಗಿಸಿಕೊಟ್ಟದ್ದು 1963. ಹೊಡೆದದ್ದಕ್ಕಿಂತ ಕೊಟ್ಟದ್ದೇ ಎರಡರಷ್ಟಕ್ಕೂ ಮಿಕ್ಕಿತು! ಆತನ ಗೋಲುಗಳನ್ನೆಲ್ಲ ಅಳಿಸಿಹಾಕಿ ಬರಿಯ ಕೊಟ್ಟದ್ದನ್ನಷ್ಟೆ ಉಳಿಸಿದರೂ ಮತ್ತಾರ ಒಟ್ಟು ಅಂಕಗಳೂ ಅದನ್ನು ಮುಟ್ಟುವುದಿಲ್ಲವಂತೆ. 1985–86ರ ಒಂದೇ ಋತುವಿನಲ್ಲಿ 52 ಗೋಲು, 163 ಕೊಡುಗೆ, ಒಟ್ಟು 215 ಅಂಕ. ಆತನ ತಂಡ ಎಡ್ಮಂಟನ್ ಆಯ್ಲರ್ಸ್ ಆ ಋತುವಿನಲ್ಲಿ 426 ಗೋಲು ಸುರಿಯಿತು.

"ಹಂಗಾರ ಕಪ್ಪು ಅವರಿಗೇ ಬಂತೇನು?"

"ಇಲ್ಲಜ್ಜಾ. ಎರಡನೇ ಸುತ್ತಿನಾಗ ಕ್ಯಾಲ್ಗರಿಯವರು ಸೋಲಿಸಿದ್ರು" ಎಂದ; ಅವನ ತಾಯಿಯೂ ಕೂಸಾಗಿದ್ದಾಗ ನಡೆದ ಸೋಲನ್ನು ನಿನ್ನೆ ಕಂಡವನ ಹಾಗೆ ಮುಖ ಸಣ್ಣದು ಮಾಡಿ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 426 ಗೋಲು ಹೊಡೆದವರು ಸೋತರೆಂದಲ್ಲ. ಗೆದ್ದವರು ಸೋಲುವುದನ್ನು ಈ ವಯಸ್ಸಿನೊಳಗೆ ಬೇಕಷ್ಟು ಕಂಡಿದ್ದೇನೆ. ಆ ನಡುವಿನ ಮನೆ ಕಣ್ಣಿಗೆ ಕಟ್ಟಿತ್ತು. ಕೊಟ್ಟವನ ಮನೆ. ಐವತ್ತು ವರ್ಷಗಳಾಚೆ ನನ್ನ ಪಾಟಿಯ ಮೇಲೆ ನಾನು ಗೆರೆ ಎಳೆಯದೆ ಬಿಟ್ಟ ಮನೆ.

ಗದಗಿನಿಂದ ಬಹಳ ದೂರವಿಲ್ಲದ ನಾಗಾವಿ ನನ್ನ ತಾಯಿಯ ತವರು. ಈಗ ಅಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಬಂದಿದೆ. ನಾನು ಹೇಳುವುದು 1971ರ ಮಾತು. ಸುಗ್ಗಿ ಮುಗಿದು, ಕಣಗಳು ಬರಿದಾಗಿ, ಗಂಡಸರ ಕೈಗೆ ಕೆಲಸ ಕಡಿಮೆಯಾಗುವ ಹೊತ್ತಿಗೆ ಬಸವಜಯಂತಿ ಬರುತ್ತಿತ್ತು. ಆ ವರ್ಷ ಬಸವಜಯಂತಿಗೆ ಹುತುತು ಪಂದ್ಯ ಇಟ್ಟಿದ್ದರು. ಹುತುತು ಎಂದರೆ ಇಂದಿನ ಕಬಡ್ಡಿಯೇ. ಆಗ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದೇ ಹೆಸರು. ಕಣದ ನೆಲಕ್ಕೆ ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು ಅಂಕಣ ಮಾಡಿದ್ದರು. ಸುತ್ತಿನ ಆರೆಂಟು ಹಳ್ಳಿಗಳ ತಂಡಗಳು ಬಂದಿದ್ದವು. ಪಟ್ಟಣದ ಸಾಲೆಯಲ್ಲಿ ಓದುವ ಹುಡುಗ, ಅಕ್ಷರ ಮುತ್ತಿನಂತಿವೆ ಎಂದು ಪಾಟಿ ಬಳಪ ನನ್ನ ಕೈಗೆ ಬಂದವು. ನನಗೂ ಆಗ ಹನ್ನೊಂದೇ ವರ್ಷ.

ನಾಗಾವಿಯ ತಂಡದಲ್ಲಿ ನನ್ನ ಕಡೆಯ ಸೋದರಮಾವನಿದ್ದ, ಇಪ್ಪತ್ತರ ಹುಡುಗ. ಅವನು ನಿಲ್ಲುತ್ತಿದ್ದುದು ಬಲಗಡೆಯ ಮೂಲೆಯಲ್ಲಿ. ಎದುರು ತಂಡದವನು ದಮ್ಮು ಹಿಡಿದು ಒಳಗೆ ನುಗ್ಗಿದಾಗ ಅವನ ಕಾಲಿಗೆ ಬೀಳುವುದು ಈ ಮೂಲೆಯವರ ಕೆಲಸ. ಮೈಯೆಲ್ಲ ಮಣ್ಣು, ಮೊಣಕಾಲೆಲ್ಲ ರಕ್ತ. ಹಿಡಿತ ಬಿದ್ದ ಮೇಲೆ ನಾಲ್ಕು ಜನ ಮೇಲೆ ಬೀಳುವುದರಿಂದ ಹಿಡಿದವನು ಯಾರೆಂಬುದು ಅವನ ತಾಯಿಗೂ ಕಾಣುತ್ತಿರಲಿಲ್ಲ. ದಾಳಿಗೆ ಹೋಗುವವನೇ ಬೇರೆ. ಚಿಗರೆಯಂತೆ ಜಿಗಿಯುವ ಆಳು. ಅವನು ಗೆರೆ ದಾಟಿದನೆಂದರೆ ಮಂದಿ ಮಾಳಿಗೆಯ ಮೇಲೆ ಎದ್ದು ನಿಲ್ಲುತ್ತಿದ್ದರು.

ನಾನು ಲೆಕ್ಕ ಬರೆದದ್ದು ಹೀಗೆ: ದಾಳಿಯಲ್ಲಿ ಮುಟ್ಟಿ ಬಂದದ್ದನ್ನು ಆಟಗಾರನ ಹೆಸರಿನ ಮುಂದೆ, ಹಿಡಿದದ್ದನ್ನು 'ಊರು' ಎಂಬ ಒಂದೇ ಮನೆಯಲ್ಲಿ. ಹಾಗೆ ಬರೆಯೆಂದು ಯಾರೂ ಹೇಳಿರಲಿಲ್ಲ. ಹಾಗೆ ಬರೆಯುವುದು ಸುಲಭವಾಗಿತ್ತು, ಅಷ್ಟೆ. ಸಂಜೆ ನಾಗಾವಿ ಗೆದ್ದಿತು. ದಾಳಿಕಾರನ ಹೆಸರಿನ ಮುಂದೆ 31 ಗೀಟು. ಮಾವನ ಹೆಸರಿನ ಮುಂದೆ ಒಂದೂ ಇಲ್ಲ. ದಾಳಿಗೆ ಅವನು ಹೋಗಿರಲೇ ಇಲ್ಲ. ಯಾವುದೋ ಇಲಾಖೆಯ ತಂಡಕ್ಕೆ ಹುಡುಗರನ್ನು ಆರಿಸಲು ಬಂದ ಒಬ್ಬರು ಅಲ್ಲಿದ್ದರು. ಅವರು ಬಂದದ್ದು ಮಧ್ಯಾಹ್ನ ಮೀರಿದ ಮೇಲೆ. ನೋಡಿದ್ದು ಕೊನೆಯ ಆಟವೊಂದನ್ನೇ. ನನ್ನ ಪಾಟಿಯನ್ನು ಕೇಳಿ ಇಸಿದುಕೊಂಡು, ಮೇಲಿನ ಎರಡು ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರು. ಚಿಗರೆಯಂಥವನಿಗೆ ನೌಕರಿ ಬಂದಿತು. ಯೋಗ್ಯನಿಗೇ ಬಂದಿತು, ಅದರಲ್ಲಿ ಮಾತಿಲ್ಲ. ಮಾವ ಮರುದಿನ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದ. ಅಂದಿನಿಂದಲೂ ಹೋಗುತ್ತಿದ್ದಾನೆ.

ಮರುದಿನ ಮೊಮ್ಮಗನಿಗೆ ಕಬಡ್ಡಿಯ ಲೆಕ್ಕ ತೋರಿಸೆಂದೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗಿನ ಹಳೆಯ ಆಟಗಳನ್ನು ಅವನು ಫೋನಿನಲ್ಲಿ ಹುಡುಕಿ ಕೊಟ್ಟ. ಅಜ್ಜ–ಮೊಮ್ಮಗ ಇಬ್ಬರೂ ಕೂತು ನೋಡಿದೆವು. ಮಣ್ಣಿಲ್ಲ, ಬಣ್ಣದ ಹಾಸು. ದಮ್ಮಿನ ಜೊತೆಗೆ ಮೂವತ್ತು ಸೆಕೆಂಡಿನ ಗಡಿಯಾರ. ಹಿಡಿದವನಿಗೂ ಈಗ ಅಂಕ ಬರೆಯುತ್ತಾರೆ, ಕಂಡು ಸಂತೋಷವಾಯಿತು. ಆದರೆ ಐದು ಜನ ಸೇರಿ ಕೆಡವಿದರೂ ಆ ಅಂಕ ಬರೆಯುವುದು ಒಬ್ಬನ ಹೆಸರಿಗೆ. ಉಳಿದ ನಾಲ್ವರು ಇನ್ನೂ 'ಊರಿನ' ಮನೆಯಲ್ಲಿಯೇ ಇದ್ದಾರೆ.

ನಮ್ಮ ಬೆಂಗಳೂರು ಬುಲ್ಸ್ ತಂಡದ ಪವನ್ ಸೆಹ್ರಾವತ್ ಆರನೆಯ ಋತುವಿನಲ್ಲಿ ದಾಳಿಯಿಂದಲೇ 271 ಅಂಕ ತಂದು ಎಲ್ಲರಿಗಿಂತ ಮೇಲೆ ನಿಂತ. 2019ರ ಜನವರಿ 5ರ ಕೊನೆಯ ಪಂದ್ಯದಲ್ಲಿ ಗುಜರಾತಿನ ಮೇಲೆ ಬೆಂಗಳೂರು ಗೆದ್ದದ್ದು 38–33ರಿಂದ. ಅದರಲ್ಲಿ 22 ಅಂಕ ಅವನೊಬ್ಬನವೇ. ಅದೇ ವರ್ಷದ ಏಳನೆಯ ಋತುವಿನಲ್ಲಿ ಆತ ಇನ್ನೂ ಏರಿದ: ದಾಳಿಯ ಅಂಕ 346, ಅಕ್ಟೋಬರ್ 2ರಂದು ಹರಿಯಾಣಾದ ತಂಡದ ಮೇಲೆ ಒಂದೇ ಪಂದ್ಯದಲ್ಲಿ 39. ಅಂಕ ಏರಿತು, ತಂಡ ಮಾತ್ರ ಸೆಮಿಫೈನಲಿನಲ್ಲಿ ದಿಲ್ಲಿಗೆ ಸೋತಿತು. ಆ ದಿಲ್ಲಿಯ ಹುಡುಗ ನವೀನ್ ಕುಮಾರ್ ಕೊನೆಯ ಪಂದ್ಯದಲ್ಲಿ 18 ಅಂಕ ತಂದ. ಅವನ ತಂಡವೂ ಸೋತಿತು. ಗೆದ್ದದ್ದು ಬೆಂಗಾಲ್ ವಾರಿಯರ್ಸ್, 39–34. ಗಾಯಗೊಂಡ ಅವರ ನಾಯಕ, ದೊಡ್ಡ ದಾಳಿಕಾರ ಮಣಿಂದರ್ ಸಿಂಗ್ ಅಂದು ಅಂಕಣಕ್ಕೆ ಇಳಿದಿರಲೇ ಇಲ್ಲ. ಇರಾನಿನ ನಬಿಬಕ್ಷ್ ಹತ್ತು ಅಂಕ ತಂದ. ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ಹೆಗಲು ಕೊಟ್ಟ. ಆ ತಂಡವನ್ನು ತಿದ್ದಿದವರು ನಮ್ಮ ಕರ್ನಾಟಕದವರೇ ಆದ ಬಿ. ಸಿ. ರಮೇಶ್.

ಇದರಿಂದ ದೊಡ್ಡ ಅಂಕದವನಿದ್ದರೆ ತಂಡ ಸೋಲುತ್ತದೆಂಬ ಸಿದ್ಧಾಂತವನ್ನು ನಾನು ಮಾಡಲಾರೆ. 2017ರಲ್ಲಿ ಪ್ರದೀಪ್ ನರ್ವಾಲ್ 369 ಅಂಕ ತಂದ, ಅವನ ಪಟ್ನಾ ತಂಡವೇ ಗೆದ್ದಿತು. ನನಗೆ ತಿಳಿದದ್ದು ಬೇರೆಯೇ. ಕಬಡ್ಡಿಯಲ್ಲಿ ಔಟಾದವನು ಹೊರಗೆ ಕೂರಬೇಕು. ನಮ್ಮ ಹಳ್ಳಿಯ ಮಾತಿನಲ್ಲಿ 'ಸತ್ತ'. ತಂಡದವರು ಎದುರಾಳಿಯೊಬ್ಬನನ್ನು ಔಟು ಮಾಡಿದರೆ ಹೊರಗೆ ಕೂತವನೊಬ್ಬ 'ಏಳುತ್ತಾನೆ'. ಆಟದ ಈ ಬಗೆಗೆ ಹಿಂದಿನವರು ಸಂಜೀವಿನಿಯೆಂದೇ ಹೆಸರಿಟ್ಟರು. ಎಂಥ ದಾಳಿಕಾರನೂ ಒಂದೊಂದು ಪಂದ್ಯದಲ್ಲಿ ಎರಡು ಸಲ, ಮೂರು ಸಲ ಸಾಯುತ್ತಾನೆ. ಹೊರಗೆ ಕೈ ಕಟ್ಟಿ ಕೂತ ಅವನನ್ನು ಎಬ್ಬಿಸಿ ಕಳಿಸುವವರು ಯಾರು? ಮೂಲೆಯಲ್ಲಿ ಮಣ್ಣು ತಿನ್ನುವವನು. ಎದ್ದು ಬಂದವನು ಮುಂದೆ ಹತ್ತು ಅಂಕ ತಂದರೆ ಹತ್ತೂ ಅವನ ಹೆಸರಿಗೆ. ಎಬ್ಬಿಸಿದವನಿಗೆ ಆ ನಡುವಿನ ಮನೆ ಇಲ್ಲ.

ನನ್ನ ಪಾಟಿಯ 31ರಲ್ಲಿ ಮಾವ ಎಬ್ಬಿಸಿ ಕಳಿಸಿದ ಮೇಲೆ ಬಂದವು ಎಷ್ಟು? ಆ ಲೆಕ್ಕ ಇನ್ನು ಸಿಗುವಂತಿಲ್ಲ. ಆದರೂ ಭಾನುವಾರ ಮೊಮ್ಮಗನನ್ನು ಕರೆದುಕೊಂಡು ನಾಗಾವಿಗೆ ಹೋದೆ.

ಮಾವ ಕಟ್ಟೆಯ ಮೇಲೆ ಕೂತು ಹೆಸರಿನ ಕಾಯಿ ಹರವುತ್ತಿದ್ದ. ಎಪ್ಪತ್ತನಾಲ್ಕು ವರ್ಷ, ಬಲ ಮೊಣಕಾಲು ಮಡಿಚಲು ಬರುವುದಿಲ್ಲ, ಮುಂದೆ ಚಾಚಿಯೇ ಕೂರುತ್ತಾನೆ. "ಬಾ ಅಳಿಯಾ. ಮೊಮ್ಮಗನ್ನೂ ಕರಕೊಂಡ ಬಂದೀ? ಛಲೋ ಆತು" ಎಂದ. ಅತ್ತೆ ಚಹ ತಂದಿಟ್ಟಳು. ನಾನು ಸುತ್ತಿ ಬಳಸಿ ಬಸವಜಯಂತಿಯ ಆಟಕ್ಕೆ ಬಂದೆ.

"ಮಾಮಾ, ಅವತ್ತು ಪಾಟಿ ಬರದಾಂವ ನಾನು. ನೀ ಹಿಡದದ್ದನ್ನ ನಿನ್ನ ಹೆಸರಿನ ಮುಂದ ಹಾಕಲಿಲ್ಲ. ಊರಿನ ಲೆಕ್ಕಕ್ಕ ಹಾಕಿದೆ."

"ಊರ ಗೆದ್ದಿತಲ್ಲೋ" ಎಂದು ನಕ್ಕ. "ನೌಕರಿ ಅಂತ ನಾ ಹ್ವಾದ್ರ ಅಪ್ಪನ್ನ ಯಾರ ನೋಡ್ಕೊಂತಿದ್ರು? ಈ ಹೊಲಾ ಯಾರ ಮಾಡ್ತಿದ್ರು? ಅದನ್ನ ಇನ್ನೂ ತಲಿಯಾಗ ಇಟಗೊಂಡೀಯೇನು?"

ಮನಸ್ಸು ಹಗುರಾಯಿತು. ಇಷ್ಟು ವರ್ಷ ಇಲ್ಲದ ಋಣವನ್ನು ಈಗ ಹುಡುಕಿ ಹೊತ್ತುಕೊಂಡೆನೇನೋ ಎಂದುಕೊಂಡು, ಚಹದ ಕಪ್ಪು ಕೆಳಗಿಡುತ್ತ ಸುಮ್ಮನೆ ಅಂದೆ: "ಎಂಟ–ಹತ್ತ ಮಂದಿನ್ನರ ಹಿಡದಿರಬೇಕು ನೀ ಅವತ್ತು."

"ಹದಿನಾಲ್ಕು" ಎಂದ ಮಾವ.

ತಲೆ ಎತ್ತಿರಲಿಲ್ಲ, ಕೈ ಕಾಯಿ ಹರವುತ್ತಲೇ ಇತ್ತು. ನಾನು ಕೇಳುವುದನ್ನೇ ಕಾಯುತ್ತಿದ್ದಂತೆ ಬಂದಿತ್ತು ಮಾತು. ನಾನು ಬರೆಯದೆ ಬಿಟ್ಟ ಲೆಕ್ಕವನ್ನು ಅರ್ಧ ಶತಮಾನದ ಮೇಲೆ ಯಾರು ಬರೆದಿಟ್ಟುಕೊಂಡಿದ್ದರೆಂಬುದು ನನಗೆ ಆಗ ತಿಳಿಯಿತು. ನನಗೆ ಮಾತು ಹೊರಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನೇ ಅಂದ: "ಅದರಾಗ ಐದು ನಂದಲ್ಲ ಮತ್ತ. ಎಡಗಡಿ ಮೂಲ್ಯಾಗ ನಿಂತಾಂವ ಮೊದಲ ಕಾಲಿಗೆ ಬೀಳ್ತಿದ್ದ. ನಾ ಮ್ಯಾಲಿಂದ ಒತ್ತತಿದ್ದೆ, ಅಷ್ಟ. ಮಂದಿ ನನ್ನ ಹೆಸರ ಕೂಗ್ತಿದ್ರು. ಅಂವಗ ಹೇಳಬೇಕಂತ ಭಾಳ ಸಲ ಅನಕೊಂಡೆ. ಅಂವ ಹೋಗಿಬಿಟ್ಟ."

ಆ ಎಡ ಮೂಲೆಯವನ ಮುಖ ನನಗೆ ನೆನಪಾಗಲಿಲ್ಲ. ಮೊಮ್ಮಗ ಚೀಲದಿಂದ ನೋಟುಬುಕ್ಕು ತೆಗೆದು ಹೊಸ ಹಾಳೆಗೆ ಮೂರು ಗೆರೆ ಎಳೆದಿದ್ದ. "ಅವರ ಹೆಸರೇನ್ರೀ ಅಜ್ಜಾ?" ಎಂದು ಮಾವನನ್ನು ಕೇಳಿದ. ಮಾವ ಹೇಳಿದ, ಊರಿನ ರೀತಿಯಲ್ಲಿ, ಅಪ್ಪನ ಹೆಸರು ಸೇರಿಸಿ.

ಹುಡುಗನಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬಾರದು. ಪೆನ್ನನ್ನು ನನ್ನ ಕೈಗೆ ಕೊಟ್ಟ. ಎರಡು ಹೆಸರುಗಳನ್ನೂ ನಾನೇ ಬರೆದೆ.